ಪುಸ್ತಕ ಸಿಗುವಂತೆ ಮಾಡಿದ ತಪ್ಪಿಗೆ

ಮದ್ರಾಸಿನಿಂದ ನಾನು ತಂದದ್ದು ಒಂದು ಟ್ರಂಕು, ಒಂದು ಕೆಮ್ಮು ಮತ್ತು ಒಂದು ಸರ್ಟಿಫಿಕೇಟು. ಕೆಮ್ಮು ನಮ್ಮೂರು ಸೇಡಂನ ನಿಲ್ದಾಣದಲ್ಲಿ ಇಳಿದ ಕೆಲವೇ ದಿನಗಳಲ್ಲಿ ವಾಸಿಯಾಯಿತು. ಸರ್ಟಿಫಿಕೇಟಿನಿಂದ ವಾಸಿಯಾಗಲು ಬಹಳ ಕಾಲ ಬೇಕಾಯಿತು. ಗ್ರಂಥಾಲಯ ನಡೆಸುವ ವಿದ್ಯೆಯಲ್ಲಿ ಈತ ತೇರ್ಗಡೆಯಾಗಿದ್ದಾನೆ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ನಮ್ಮದು ನಿಜಾಮರ ರಾಜ್ಯ. ಕಚೇರಿಯ ಮಾತು ಉರ್ದು, ಮನೆಯ ಮಾತು ಕನ್ನಡ, ಸಂತೆಯಲ್ಲಿ ಅಷ್ಟಿಷ್ಟು ತೆಲುಗು. ಇಂಗ್ಲಿಷು ಓದಬಲ್ಲವರೆಂದರೆ ಊರಲ್ಲಿ ಸ್ಟೇಶನ್ ಮಾಸ್ತರರು ಮತ್ತು ನಾನು. ಹಾಗಾಗಿ ಎಲ್ಲರೂ ಅದರ ಕೆಂಪು ಮೊಹರನ್ನು ಬೆರಳಿನಿಂದ ಸವರಿ ನೋಡಿ, ಭಾರಿ ಇದೆ ಎಂದು ತಲೆದೂಗಿ, ಮಡಚಿ ಹಿಂದಕ್ಕೆ ಕೊಡುತ್ತಿದ್ದರು.

ಈ ವಿದ್ಯೆಗೆ ನನ್ನನ್ನು ಹಚ್ಚಿದವರು ಮದ್ರಾಸಿನಲ್ಲಿ ಬೇಳೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿದ್ದ ನನ್ನ ಸೋದರಮಾವ. ಮುಂದಿನ ಕಾಲವೆಲ್ಲ ಪುಸ್ತಕದ್ದೇ, ಊರೂರಿಗೆ ಗ್ರಂಥಾಲಯ ಆಗುತ್ತದೆ, ಕಲಿತವರನ್ನು ಮನೆಬಾಗಿಲಿಗೆ ಬಂದು ಕರೆದೊಯ್ಯುತ್ತಾರೆ ಎಂದು ಅವರು ನನಗೆ ಹೇಳಿದ್ದರು. ಅವರು ಮಾತ್ರ ಬೇಳೆ ಬಿಟ್ಟು ಕದಲಲಿಲ್ಲ.

ನನಗೆ ಅಷ್ಟರಲ್ಲಿ ಮದುವೆಯಾಗಿತ್ತು. ಹೆಂಡತಿ ಕುರಕುಂಟಾದಲ್ಲಿ ತವರುಮನೆಯಲ್ಲೇ ಇದ್ದಳು. ಅಳಿಯನಿಗೊಂದು ಕೆಲಸ ಆದ ಮೇಲೆ ಮಗಳನ್ನು ಕಳಿಸುತ್ತೇನೆ ಎಂದು ಆಕೆಯ ತಂದೆ, ನನ್ನ ಮಾವನವರು, ಮದುವೆಯ ಚಪ್ಪರದಲ್ಲೇ ಹೇಳಿದ್ದರು. ಅವರು ಕೆಟ್ಟವರಲ್ಲ. ಎರಡು ಜೋಡಿ ಎತ್ತಿನ ಒಕ್ಕಲುತನ, ಊರಲ್ಲಿ ಮಾತಿಗೆ ಬೆಲೆ, ಬೆಳಿಗ್ಗೆ ಲಿಂಗಪೂಜೆ ಆಗದೆ ನೀರು ಸಹ ಕುಡಿಯದ ಮನುಷ್ಯ. ಅವರ ಕಷ್ಟ ಬೇರೆಯೇ ಇತ್ತು. ನಾನು ಮದ್ರಾಸಿನಿಂದ ಬಂದ ಹೊಸದರಲ್ಲಿ ನೋಡಲು ಹೋದಾಗ ಅದನ್ನು ನೇರವಾಗಿಯೇ ಹೇಳಿದರು. "ಅಳಿಯಂದ್ರು ಏನ್ ಕಲ್ತಾರ ಅಂತ ಮಂದಿ ಕೇಳ್ತಾರ್ರಿ. ಪುಸ್ತಕ ಕಾಯೋದು ಕಲ್ತಾರ ಅಂತ ಹ್ಯಾಂಗ ಹೇಳ್ಲಿ? ಪುಸ್ತಕ ಏನ್ ಎಮ್ಮಿ ಏನ್ರಿ ಕಾಯ್ಲಿಕ್ಕ?"

ಒಳಗಿನ ಬಾಗಿಲ ಮರೆಯಲ್ಲಿ ಯಾರೋ ನಕ್ಕ ಸದ್ದು ಕೇಳಿಸಿತು. ಆ ನಗುವಿಗಾಗಿಯೇ ನಾನು ನೌಕರಿ ಹುಡುಕಲು ಹೊರಟೆ ಎಂದರೂ ಸರಿ.

ಮೊದಲು ವಾಡಿಗೆ ಹೋದೆ. ಜಂಕ್ಷನ್ ಊರು, ರೈಲ್ವೆ ನೌಕರರಿಗೆಂದು ಒಂದು ಕ್ಲಬ್ಬು, ಅಲ್ಲೊಂದು ಬೀರು ತುಂಬ ಇಂಗ್ಲಿಷ್ ಕಾದಂಬರಿಗಳು. ಅದನ್ನು ನೋಡಿಕೊಳ್ಳುತ್ತಿದ್ದ ಗೋರಾ ಗಾರ್ಡ್ ಸಾಹೇಬ ನನ್ನ ಸರ್ಟಿಫಿಕೇಟನ್ನು ಪೂರ್ತಿ ಓದಿದ. ಓದಿದ ಮೊದಲ ಮನುಷ್ಯ ಎಂದು ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆಮೇಲೆ ಕೆಲಸ ವಿವರಿಸಿದ. ಪುಸ್ತಕಗಳು ತಾವಾಗಿ ಎಲ್ಲೂ ಹೋಗುವುದಿಲ್ಲ, ಟೆನ್ನಿಸ್ ಚೆಂಡುಗಳು ಹೋಗುತ್ತವೆ, ಸಂಜೆ ಹೊತ್ತು ಅವುಗಳ ಹಿಂದೆ ಓಡುವವನು ಬೇಕು ಎಂದ. ನನ್ನ ಕಾಲುಗಳ ಕಡೆ ನೋಡಿ, ಆಗಬಹುದು ಎಂದೂ ಅಂದ. ಬಂದ ಗಾಡಿಗೇ ವಾಪಸಾದೆ.

ಶಹಾಬಾದಿನಲ್ಲಿ ಮಾತ್ರ ನನ್ನ ಆಸೆ ಗರಿಗೆದರಿತ್ತು. ಅಲ್ಲಿ ಕಲ್ಲುಗಣಿಯ ಸಾಹುಕಾರರೊಬ್ಬರು ತೀರಿಹೋದ ತಂದೆಯ ನೆನಪಿಗೆ ಗ್ರಂಥಾಲಯ ಕಟ್ಟಿಸಿದ್ದಾರೆಂದು ಕೇಳಿದ್ದೆ. ಸುಳ್ಳಲ್ಲ. ತಮ್ಮದೇ ಗಣಿಯ ಕಲ್ಲಿನಲ್ಲಿ ಅರಮನೆಯಂಥ ಕಟ್ಟಡ ಎಬ್ಬಿಸಿದ್ದರು. ನೆಲದ ಹಾಸುಗಲ್ಲಿನಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಬಾಗಿಲ ಮೇಲೆ ತಂದೆಯ ಹೆಸರು ಮೂರು ಲಿಪಿಗಳಲ್ಲಿ. ಒಳಗೆ ಕಾಲಿಟ್ಟರೆ ತೊಗರಿ ಚೀಲಗಳು, ಗೋಡೆಯಿಂದ ಗೋಡೆಗೆ, ಅಚ್ಚುಕಟ್ಟಾಗಿ. ನಮ್ಮ ಮದ್ರಾಸಿನ ಮೇಷ್ಟ್ರು ಅಷ್ಟು ಚಂದದ ಜೋಡಣೆ ನೋಡಿದ್ದರೆ ಸಂತೋಷಪಡುತ್ತಿದ್ದರು.

ಪುಸ್ತಕಗಳೆಲ್ಲಿ ಎಂದು ಕೇಳಿದೆ. ಉದ್ಘಾಟನೆಗೆ ದೊಡ್ಡ ಅಧಿಕಾರಿಯೊಬ್ಬರು ಬರಬೇಕು, ಅವರು ಬರುವುದು ಗೊತ್ತಾದ ಮೇಲೆ ಪುಸ್ತಕ ತರಿಸುವುದು, ಪುಸ್ತಕ ಬಂದ ಮೇಲೆ ನಿಮ್ಮಂಥವರನ್ನು ಇಟ್ಟುಕೊಳ್ಳುವುದು ಎಂದು ಸಾಹುಕಾರರು ಸಾವಧಾನವಾಗಿ ಹೇಳಿದರು. ಆ ಅಧಿಕಾರಿಗೆ ಹೇಳಿಕಳಿಸಿದ್ದೀರಾ ಎಂದೆ. ಇನ್ನೂ ಇಲ್ಲ, ತೊಗರಿಯ ಧಾರಣೆ ಏರಲಿ ಎಂದರು. ಅವರ ಮನೆಯ ಊಟ ಮಾತ್ರ ಭಾಳ ಚೆನ್ನಾಗಿತ್ತು, ಅದನ್ನು ಹೇಳದಿದ್ದರೆ ನಾನು ಕೃತಘ್ನನಾಗುತ್ತೇನೆ.

ಚಿಂಚೋಳಿಗೆ ರೈಲಿಲ್ಲ. ಬಂಡಿಯಲ್ಲಿ ಸೊಂಟ ಮುರಿಸಿಕೊಂಡು ಹೋದೆ. ಅಲ್ಲಿಯ ಜಮೀನುದಾರರ ದಿವಾನಖಾನೆಯಲ್ಲಿ ಗಾಜಿನ ಬೀರುಗಳ ಸಾಲೇ ಇತ್ತು, ಅವುಗಳಲ್ಲಿ ನಿಜವಾದ ಪುಸ್ತಕಗಳಿದ್ದವು. ಹೈದರಾಬಾದಿನ ಹರಾಜೊಂದರಲ್ಲಿ ಕುರ್ಚಿ, ಕನ್ನಡಿ, ಜಿಂಕೆಯ ಕೊಂಬುಗಳ ಜೊತೆಗೆ ಕೊಂಡದ್ದಂತೆ. ಹೆಚ್ಚಿನವು ಯಾವನೋ ಡಾಕ್ಟರನವು. ಕಣ್ಣಿನ ರೋಗಗಳ ಬಗ್ಗೆಯೇ ಒಂದು ಕಪಾಟು. ಬೀಗದ ಕೈ ಕಳೆದು ಎಷ್ಟು ಕಾಲವಾಯಿತೋ ಯಾರಿಗೂ ನೆನಪಿರಲಿಲ್ಲ. ಹುಡುಕುವ ತುರ್ತೂ ಯಾರಿಗೂ ಕಾಣಲಿಲ್ಲ. ತಾಲೂಕಿನ ಸಾಹೇಬರುಗಳು ಊಟಕ್ಕೆ ಬಂದಾಗ ಬೀರುಗಳ ಪಕ್ಕದಲ್ಲಿ ಶೇರವಾನಿ ತೊಟ್ಟು ನಿಲ್ಲಲು ಅವರಿಗೊಬ್ಬ ಬೇಕಾಗಿತ್ತು. ಶೇರವಾನಿ ತಂದು ನನಗೆ ತೊಡಿಸಿ ನೋಡಿದರು. ಅದರೊಳಗೆ ನನ್ನಂಥವನು ಇನ್ನೊಬ್ಬ ಹಿಡಿಸುತ್ತಿದ್ದ. ಸ್ವಲ್ಪ ಮೈ ಹಿಡಿದ ಮೇಲೆ ಬಾ ಎಂದು ಕಳಿಸಿದರು. ಗ್ರಂಥಪಾಲಕನಿಗೆ ಬೇಕಾದ ಅರ್ಹತೆಗಳಲ್ಲಿ ತೂಕವನ್ನು ಮದ್ರಾಸಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಈ ನಡುವೆ ಸೇಡಂನಲ್ಲಿ ಉಪದೇಶಕ್ಕೆ ಬರವಿರಲಿಲ್ಲ. ತಹಸೀಲು ಕಚೇರಿಯ ಮುಂದೆ ಅರ್ಜಿ ಬರೆದುಕೊಡುವ ಮುನ್ಷಿಯಿಂದ ಹಿಡಿದು ಕ್ಷೌರಿಕನವರೆಗೆ ಎಲ್ಲರೂ ನನ್ನ ಮುಂದಿನ ದಾರಿ ಬಲ್ಲವರೇ. ಉರ್ದು ಪಕ್ಕಾ ಮಾಡಿಕೋ, ಮೀಸೆ ಬಿಡು, ಮೀಸೆ ತೆಗೆ. ತಂದೆಯವರು ಮಾತ್ರ ಉಪದೇಶ ಬಿಟ್ಟು ಮುಂದಿನ ಗಾಡಿಯ ಟಿಕೀಟಿಗೆ ಕಾಸು ಎಣಿಸಿಡುತ್ತಿದ್ದರು. ಅದು ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಆಗ ಚಿತ್ತಾಪುರದಿಂದ ಕರೆ ಬಂತು. ಅಲ್ಲಿಯ ಅದಾಲತ್ತಿನ ಪಕ್ಕದಲ್ಲಿ ವಕೀಲರ ಓದುವ ಕೋಣೆಯೊಂದಿತ್ತು. ಕೋಣೆಯ ತುಂಬ ತೀರ್ಪುಗಳ ಸಂಪುಟಗಳು, ಕಾಯಿದೆಯ ಪುಸ್ತಕಗಳು. ಆದರೆ ವಿಚಾರಣೆಯ ದಿನ ಬೇಕಾದ ಸಂಪುಟವೇ ಸಿಗುತ್ತಿರಲಿಲ್ಲ. ಪುಸ್ತಕ ಸಿಕ್ಕಿಲ್ಲ ಹುಜೂರ್ ಎಂದು ವಕೀಲರು ಕೈ ಜೋಡಿಸುವುದು, ತಾರೀಖು ಮುಂದೆ ಹೋಗುವುದು, ಇದೇ ನಡೆದಿತ್ತು. ಹೊಸದಾಗಿ ಬಂದ ಮುನ್ಸಿಫರು ಸಿಟ್ಟಾಗಿ, ಪುಸ್ತಕ ನೋಡಿಕೊಳ್ಳಲು ಬಲ್ಲವನೊಬ್ಬನನ್ನು ಇಟ್ಟುಕೊಳ್ಳಿ ಎಂದು ತಾಕೀತು ಮಾಡಿದ್ದರು. ವಕೀಲರು ಯೋಚಿಸಿ ನನ್ನನ್ನು ಆರಿಸಿದರು. ಮದ್ರಾಸಿನಲ್ಲಿ ಕಲಿತವನು, ಅದಾಲತ್ತಿನ ಗಂಧಗಾಳಿ ಇಲ್ಲದವನು, ಮಾತು ಮೆತ್ತಗೆ. ಇದಕ್ಕಿಂತ ಅಪಾಯವಿಲ್ಲದ ಪ್ರಾಣಿ ಸಿಗಲಾರದೆಂದು ಅವರು ಎಣಿಸಿದ್ದರೆ ಅದು ಅವರ ತಪ್ಪಲ್ಲ.

ಮಾವನವರಿಗೆ ಸುದ್ದಿ ಹೋದದ್ದೇ ತಡ, ಅಳಿಯ ಅದಾಲತ್ತಿನಲ್ಲಿದ್ದಾನೆ ಎಂದು ಕುರಕುಂಟಾದ ಕಟ್ಟೆಕಟ್ಟೆಗೂ ಗೊತ್ತಾಯಿತು. ಕಾರಹುಣ್ಣಿಮೆ ಮುಗಿದ ಮೇಲಿನ ಸೋಮವಾರ ಬಂದು ಕರೆದುಕೊಂಡು ಹೋಗಿ ಎಂದು ಹೇಳಿಕಳಿಸಿದರು. ನಾನು ಚಿತ್ತಾಪುರದಲ್ಲಿ ಒಂದು ಕೋಣೆ ನೋಡಿ, ಒಲೆಗೆ ಮಣ್ಣು ಬಳಿಸಿದೆ.

ಕೆಲಸವನ್ನೂ ಅದೇ ಹುರುಪಿನಲ್ಲಿ ಮಾಡಿದೆ. ಹಳೆಯ ಲಗ್ನಪತ್ರಿಕೆಗಳನ್ನು ಬೇಡಿ ತಂದು, ಕತ್ತರಿಸಿ, ಅವುಗಳ ಬೆನ್ನಿಗೆ ಒಂದೊಂದು ತೀರ್ಪಿನ ವಿಷಯ, ಸಂಪುಟ, ಪುಟ ಬರೆದು ಪೆಟ್ಟಿಗೆಯಲ್ಲಿ ಜೋಡಿಸಿದೆ. ಬಾವಿಯ ಜಗಳಕ್ಕೆ ಒಂದು ಕಡೆ, ದತ್ತಕದ ಜಗಳಕ್ಕೆ ಇನ್ನೊಂದು ಕಡೆ. ಎಲೆ ಅಡಿಕೆ ಜಗಿದು ಮುಗಿಯುವುದರೊಳಗೆ ಯಾವ ತೀರ್ಪಾದರೂ ಕೈಗೆ ಬರುತ್ತಿತ್ತು. ಪುಸ್ತಕ ಒಯ್ದವರು ಸಹಿ ಹಾಕಬೇಕು, ಸಂಜೆಗೆ ತಂದಿಡಬೇಕು ಎಂದು ಬಾಗಿಲಿಗೆ ಬರೆದು ಅಂಟಿಸಿದೆ. ಅದನ್ನು ಓದಿದ ವಕೀಲರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಚಿದರೆಂದು ತಿಳಿದೆ.

ಒಂದು ಸಂಪುಟ ಮಾತ್ರ ಸಿಗಲಿಲ್ಲ. ಅದು ಓದುವ ಕೋಣೆಯ ಅಧ್ಯಕ್ಷರ ಮನೆಯಲ್ಲಿದೆ ಎಂದು ಜವಾನ ಹೇಳಿದ. ಅಧ್ಯಕ್ಷರೆಂದರೆ ಊರಿನ ಅತ್ಯಂತ ಹಿರಿಯ ವಕೀಲರು. ನಾನು ಜವಾನನನ್ನು ಕರೆದುಕೊಂಡು ಮನೆಗೇ ಹೋದೆ. ಅವರು ಕಕ್ಷಿದಾರರ ನಡುವೆ ಲೋಡುದಿಂಬಿಗೆ ಒರಗಿ ಕೂತಿದ್ದರು. ಸಂಪುಟ ಆ ಲೋಡಿನ ಕೆಳಗೆ ಇಣುಕುತ್ತಿತ್ತು. ಸರ್, ಅದೇ ಪುಸ್ತಕ, ಮರೆತು ಉಳಿದಂತಿದೆ ಎಂದು ಎಲ್ಲರೆದುರಿಗೆ ಕೈಚಾಚಿದೆ. ಅವರು ಲೋಡು ಎತ್ತಿ ಪುಸ್ತಕ ಕೊಟ್ಟರು.

ಅದು ಮರೆತು ಉಳಿದದ್ದಲ್ಲ ಎಂದು ದಾರಿಯಲ್ಲಿ ಜವಾನನೇ ನನಗೆ ತಿಳಿಸಿ ಹೇಳಬೇಕಾಯಿತು. ವಿಚಾರಣೆಗೆ ಮೊದಲು, ಎದುರಾಳಿಗೆ ಅನುಕೂಲವಾಗುವ ತೀರ್ಪಿರುವ ಸಂಪುಟವನ್ನು ಮನೆಗೆ ಒಯ್ದಿಟ್ಟುಕೊಳ್ಳುವುದು ಅಲ್ಲಿಯ ರಿವಾಜು. ಇಂದು ಇವರು, ನಾಳೆ ಅವರು. ಯಾರೂ ಯಾರ ಮೇಲೂ ದೂರುವುದಿಲ್ಲ. ತಾರೀಖು ಮುಂದೆ ಹೋದರೆ ಎರಡೂ ಕಡೆಯ ಕಕ್ಷಿದಾರರು ಮತ್ತೆ ಬರುತ್ತಾರೆ, ವಕೀಲರು ಬದುಕುತ್ತಾರೆ, ಚಹದ ಅಂಗಡಿಯೂ ಬದುಕುತ್ತದೆ. ಕಳೆದುಹೋದ ಒಂದು ಪುಸ್ತಕ ಅರ್ಧ ಊರಿಗೆ ಅನ್ನ ಹಾಕುತ್ತಿತ್ತು. ನಾನು ಮದ್ರಾಸಿನಿಂದ ಬಂದು ಅದನ್ನು ಹುಡುಕಿ ಕೊಟ್ಟಿದ್ದೆ.

ಅದೇ ಸಂಜೆ ಎದುರು ಪಕ್ಷದ ಕಿರಿಯ ವಕೀಲ ಬಂದು ಆ ಸಂಪುಟ ಕೇಳಿದ. ಸಹಿ ಹಾಕಿಸಿಕೊಂಡು ಕೊಟ್ಟೆ. ಮರುದಿನ ಅಧ್ಯಕ್ಷರು ಖಟ್ಲೆ ಸೋತರು.

ಬೈಯುತ್ತಾರೆಂದು ಕಾದಿದ್ದೆ. ಅವರು ಮನೆಗೆ ಕರೆಸಿ, ಬರ್ರಿ ಕುಂದ್ರಿ ಎಂದು ಚಹ ಕೊಡಿಸಿದರು. "ನೀವು ಭಾಳ ಹುಷಾರ್ ಅದೀರಿ," ಎಂದರು. "ಹುಷಾರ್ ಮನಷ್ಯಾ ಊರಿಗೆಲ್ಲ ದುಡೀಬಾರ್ದು, ಒಬ್ಬರಿಗಿ ದುಡೀಬೇಕು. ನನ್ನ ಕಡಿ ಬರ್ರಿ. ಯಾವ ಪುಸ್ತಕ ಎಲ್ಲಿ ಅದಾ ಅಂತ ನಿಮಗ ಗೊತ್ತಿರ್ಲಿ, ನನಗ ಗೊತ್ತಿರ್ಲಿ. ಮೂರನೇದವ್ರಿಗಿ ಯಾಕ ಬೇಕು? ಇದಕ್ಕ ತರಕ್ಕಿ ಅಂತಾರ."

ತರಕ್ಕಿ ಎಂದರೆ ಬಡ್ತಿ. ಪುಸ್ತಕ ಹುಡುಕುವವನಿಂದ ಪುಸ್ತಕ ಅಡಗಿಸುವವನವರೆಗೆ, ಸೇರಿದ ವರ್ಷದಲ್ಲೇ. ಸಂಬಳವೂ ಹೆಚ್ಚು. ನಾನು ಆಗುವುದಿಲ್ಲ ಎಂದೆ. ದೊಡ್ಡ ಧರ್ಮಾತ್ಮನೆಂದು ಯಾರೂ ತಿಳಿಯಬೇಕಾಗಿಲ್ಲ. ನನಗೆ ಸಿಟ್ಟು ಬಂದಿತ್ತು. ಊರೂರು ಅಲೆದು ಕೊನೆಗೆ ಓದುವವರು ಇರುವ ಒಂದು ಜಾಗ ಸಿಕ್ಕರೆ, ಅಲ್ಲಿ ಪುಸ್ತಕವನ್ನು ಲೋಡಿನ ಕೆಳಗೆ ಇಡಬೇಕಂತೆ.

ಆ ವಾರವೇ ವಕೀಲರ ಸಭೆ ಕೂಡಿತು. ಪುಸ್ತಕಗಳು ಪದೇಪದೇ ಬಳಕೆಯಾಗಿ ಸವೆಯುತ್ತಿರುವುದರಿಂದ, ಅವುಗಳ ರಕ್ಷಣೆಗಾಗಿ ಗ್ರಂಥಪಾಲಕನನ್ನು ತೆಗೆಯಬೇಕೆಂದು ಠರಾವಾಯಿತು. ಎಲ್ಲರೂ ಸಹಿ ಹಾಕಿದರು. ನನ್ನಿಂದ ಸಂಪುಟ ಒಯ್ದು ಗೆದ್ದ ಕಿರಿಯ ವಕೀಲನೂ ಹಾಕಿದ. ಅವನಿಗೂ ಮುಂದಿನ ಖಟ್ಲೆ ಇತ್ತಲ್ಲ.

ಮಾವನವರು ಹೇಳಿದ್ದ ಸೋಮವಾರ ಬಂತು. ಹೋಗದೆ ಇರಲಾರೆ, ಯಾವ ಮುಖ ಹೊತ್ತು ಹೋಗಲಿ ಎಂದೂ ತಿಳಿಯದು. ಕುರಕುಂಟಾದ ಆ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಮಗಳ ಟ್ರಂಕು ಪಡಸಾಲೆಗೆ ಬಂದು ಕೂತಿತ್ತು. ಊಟಕ್ಕೆ ಏಳುವ ಮೊದಲೇ ನಾನು ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಹೇಳುವಾಗ ನನ್ನ ಧ್ವನಿ ನನಗೇ ಅಸಹ್ಯವೆನಿಸುವಷ್ಟು ಸಣ್ಣಗಾಗಿತ್ತು. ಈಗ ಈಕೆಯನ್ನು ಕಳಿಸುವುದಿಲ್ಲ, ಇದು ಇಲ್ಲಿಗೇ ಮುಗಿಯಿತು ಎಂದು ಹೆದರಿದ್ದೆ.

ಮಾವನವರು ಮಗಳ ಟ್ರಂಕನ್ನು ಗೋಡೆಯ ಬದಿಗೆ ಸರಿಸಿದರು. ಆಮೇಲೆ, ಇನ್ನೂ ಕಾಲ ಮಿಂಚಿಲ್ಲ, ನಾಳೆಯೇ ಹೋಗಿ ಆ ದೊಡ್ಡ ವಕೀಲರ ಕಾಲು ಹಿಡಿಯಿರಿ, ಪುಸ್ತಕ ಯಾರು ಓದಿದರೆ ನಿಮಗೇನು, ಮಗಳು ಅಲ್ಲಿಯತನಕ ಇಲ್ಲೇ ಇರಲಿ ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು.

ಹೆಂಡತಿ ಬಾಗಿಲಿಗೆ ಬಂದು ನಿಂತಳು. ಅಪ್ಪನ ಎದುರಿಗೆ ನನ್ನೊಡನೆ ಮಾತಾಡಿದ್ದು ಅದೇ ಮೊದಲು.

"ನಾ ಬಂದು ಒಂದು ಪುಸ್ತಕ ಕೇಳಿದ್ರ ಅಲ್ಲಿ ಕೊಡತಿದ್ರೇನ್ರಿ?"

ಆಕೆ ಅಕ್ಷರ ಕಲಿತವಳು, ನನಗೆ ಗೊತ್ತಿತ್ತು. "ಬಾಗಲ ಕಟ್ಟಿ ಸೈತ ಹತ್ತಗೊಡತಿದ್ದಿಲ್ಲ," ಎಂದೆ.

"ಹಂಗಂದ್ರ ಅದು ಹೋಗಿದ್ದಕ್ಕ ಇಬ್ರೂ ಯಾಕ ಇಷ್ಟು ಸೂತಕ ಹಿಡ್ದೀರಿ?" ಎಂದಳು. ಅಪ್ಪನ ಕಡೆ ತಿರುಗಿ, "ಯಪ್ಪಾ, ಬಂಡಿ ಹೂಡು," ಎಂದಳು.

ಟ್ರಂಕಿನ ಒಂದು ಕೈ ಆಗಲೇ ಆಕೆ ಹಿಡಿದಿದ್ದಳು. ಇನ್ನೊಂದನ್ನು ನಾನು ಹಿಡಿದೆ. ಮಾವನವರು ಎದ್ದು ಹೋಗಿ ಎತ್ತು ಬಿಚ್ಚಿ ತಂದು ಬಂಡಿ ಹೂಡಿದರು. ಊರ ಅಗಸಿ ಬಾಗಿಲ ಕಟ್ಟೆಯ ಮೇಲೆ ಎಂದಿನ ಮಂದಿ ಕೂತಿದ್ದರು. ಬಂಡಿ ಎಲ್ಲಿಗೆ ಎಂದು ಅವರು ಕೇಳಿದಾಗ ನಾನು ತಲೆ ಬಗ್ಗಿಸಿದೆ. ಅಳಿಯನ ನೌಕರಿ ಹೇಳಿಕೊಳ್ಳಲು ಅಷ್ಟು ಕಾಲ ಕಾದ ಮನುಷ್ಯ ಹಗ್ಗ ಜಗ್ಗಿ ಎತ್ತು ನಿಲ್ಲಿಸಿದರು. "ಮಗಳು ಗಂಡನ ಮನಿಗಿ ಹೊಂಟಾಳ್ರಿ," ಎಂದು ಹೇಳಿ, ಬೇರೇನೂ ಹೇಳದೆ, ಬಂಡಿಯನ್ನು ಸೇಡಂ ದಾರಿಗೆ ಹೊಡೆದರು.