ರೊಟ್ಟಿಯಾಕೆಗೆ ನಾನು ಕೊಟ್ಟ ಔಷಧ

ಮೊನ್ನೆ ಯಾರೋ ಹತ್ತಿಕಟ್ಟಿಗೆ ಹಚ್ಚಿ ನೀರು ಕಾಯಿಸುತ್ತಿದ್ದರು. ಆ ಹೊಗೆ ಮೂಗಿಗೆ ಬಡಿದದ್ದೇ ಮಗ್ಗುಲ ಮನೆಯಾಕೆ ನೆನಪಾದಳು. ಕೊಪ್ಪಳದ ಪಕ್ಕದ ಭಾಗ್ಯನಗರದ ಹಳೆಯ ಮನೆಯಲ್ಲಿ ನಮಗೂ ಆಕೆಗೂ ಒಂದೇ ಗೋಡೆ. ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಡುತ್ತಿದ್ದಳು. ಮೂವತ್ತು ವರ್ಷ ಆ ಹೊಗೆಯ ಮುಂದೆಯೇ ಕೂತವಳು. ರೊಟ್ಟಿ ತೆಳ್ಳಗೆ, ಬಾಯಿ ಜೋರು.

ನನಗೆ ಚಿಕ್ಕಂದಿನಿಂದ ದಮ್ಮು. ವಯಸ್ಸಾದಂತೆ ಆಕೆಗೂ ಹತ್ತಿತು. ನನ್ನ ಅಸ್ತಮಾಕ್ಕೂ ಆಕೆಯ ಹೊಗೆಯ ಕಾಯಿಲೆಗೂ ನಮ್ಮಲ್ಲಿ ಒಂದೇ ಹೆಸರು, ಔಷಧವೂ ಒಂದೇ ಅಂದುಕೊಂಡೆ. ಪುಡಿ ತುಂಬಿದ ಗುಳಿಗೆಯನ್ನು ಪುಟ್ಟ ಡಬ್ಬಿಯಲ್ಲಿಟ್ಟು ಬಾಯಿಂದ ಎಳೆಯುವ ಔಷಧ ನನ್ನದು. ನನಗೆ ಛಲೋ ಗುಣ ಕೊಟ್ಟಿತ್ತು. ಆಸ್ಪತ್ರೆಗೆ ಹೋದರೆ ಒಂದು ದಿನದ ರೊಟ್ಟಿ ನಿಲ್ಲುತ್ತದೆ ಎನ್ನುತ್ತಿದ್ದ ಆಕೆಗೆ ನಾನೇ ಅದನ್ನು ತರಿಸಿಕೊಟ್ಟೆ. ಎಂಟು ತಿಂಗಳಾದರೂ ಗುಣ ಕಾಣಲಿಲ್ಲ. ನಿನಗೆ ಎಳೆಯಲು ಬರುವುದಿಲ್ಲ ಎಂದು ಬೈಯುತ್ತಿದ್ದೆ. ಒಮ್ಮೆ ನನ್ನೆದುರೇ ಎಳೆಸಿ ನೋಡಿದೆ. ಸರಿಯಾಗಿಯೇ ಎಳೆದಳು...

ಒಂದು ದಿನ ನಳದಿಂದ ಕೊಡ ತರುವಾಗ ನಡುದಾರಿಯಲ್ಲೇ ಕೂತುಬಿಟ್ಟಳು. ಆಗ ಕೊಪ್ಪಳದ ಡಾಕ್ಟರ ಹತ್ತಿರ ಕರೆದೊಯ್ದೆ. ಊದಿಸಿ ನೋಡಿದರು, ರಕ್ತ ತೆಗೆದರು, ನನ್ನ ಹಳೆಯ ಚೀಟಿಯನ್ನೂ ಓದಿದರು. ನನಗೆ ತಿಳಿದಷ್ಟು ಹೇಳುತ್ತೇನೆ. ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಕಣಗಳಿವೆಯಂತೆ. ನನ್ನಲ್ಲಿ ಅವು ಹೆಚ್ಚು. ಉಸಿರಿನ ಕೊಳವೆಗೆ ಬಾವು ತರುವುದೇ ಅವು. ಆ ಬಾವನ್ನು ನನ್ನ ಔಷಧ ಇಳಿಸುತ್ತದೆ. ಹೊಗೆಯಿಂದ ಪುಪ್ಪುಸ ಕೆಟ್ಟವರಲ್ಲೂ ಕೆಲವರಿಗೆ ಅವು ಹೆಚ್ಚಿರುತ್ತವೆ, ಅಂಥವರಿಗೂ ಅದು ನಾಟುತ್ತದೆ. ಆಕೆಯ ರಕ್ತದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಆಕೆಗೆ ಬೇರೆ ಔಷಧ ಬೇಕು, ಒಲೆಯನ್ನೂ ಬಿಡಬೇಕು ಎಂದರು.

ಹೊರಗೆ ಕಟ್ಟೆಯ ಮೇಲೆ ಕೂತು ಆಕೆ ನಕ್ಕಳು. "ಅಕ್ಕಾ, ನನ್ನ ರಕ್ತದಾಗ ಅದೂ ಇಲ್ಲಂತ. ಎಂಟ್ ತಿಂಗ್ಳ ಸುಮ್ಸುಮ್ಕ ಬೈದೀಯಲ್ಲ."



ಹೊಸ ಔಷಧದಿಂದ ನಳದವರೆಗೆ ನಿಲ್ಲದೆ ನಡೆಯುವಷ್ಟಾದಳು. ಒಲೆ ಮಾತ್ರ ಬಿಡಲಿಲ್ಲ. ಗ್ಯಾಸಿನ ರೊಟ್ಟಿ ಖಾನಾವಳಿಯವರಿಗೆ ಹಿಡಿಸಲಿಲ್ಲ. ಎರಡು ವರ್ಷಕ್ಕೆ ಹೋದಳು. ನಿಮ್ಮ ಗುಳಿಗೆಯಿಂದ ಸತ್ತಿಲ್ಲ ಎಂದು ಡಾಕ್ಟರು ಹೇಳಿದರು. ಇರಬಹುದು. ಆದರೆ ನನ್ನನ್ನು ನಂಬಿ ಎಂಟು ತಿಂಗಳು ಆಸ್ಪತ್ರೆಗೆ ಹೋಗದೆ ಕೂತಳಲ್ಲ, ಆ ತಪ್ಪು ನನ್ನದೇ.

ಮೊನ್ನೆ ನಮ್ಮ ಓಣಿಯ ಒಬ್ಬಾಕೆ ಕೆಮ್ಮುತ್ತ ಬಂದು ನನ್ನ ಗುಳಿಗೆ ಕೇಳಿದಳು.

"ಕೊಡಂಗಿಲ್ಲ. ಮೊದ್ಲ ಹೋಗಿ ರಕ್ತ ತೋರಿಸ್ಕೊಂಡ್ ಬಾ" ಅಂದೆ.

ಒಂದು ಗುಳಿಗೆಯನ್ನೂ ಕೊಡದ ಜೀನಿ ಮುದುಕಿ ಎಂದು ನನ್ನ ಬೆನ್ನ ಹಿಂದೆ ಓಣಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳಂತೆ. ಹೇಳಲಿ. ಮುಖಕ್ಕೇ ಹೇಳುವವಳು ಒಬ್ಬಳಿದ್ದಳು, ಈಗಿಲ್ಲ.