ಆಚೆಮನೆ ಅಕ್ಕನ ಬಾಲ

ಕಾಸರಗೋಡಿನ ಡಾಕ್ಟರು ಎಕ್ಸ್‌ರೇಯ ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದು, ಬೆನ್ನಿನ ಕೊನೆಯಲ್ಲಿ ಕೊಕ್ಕೆಯ ಹಾಗೆ ಬಾಗಿದ್ದ ಒಂದು ಎಲುಬನ್ನು ತೋರಿಸಿದರು. ಬಚ್ಚಲಲ್ಲಿ ಜಾರಿ ಕುಂಡೆಯೂರಿ ಬಿದ್ದು ನಾನು ಮುರಿದುಕೊಂಡದ್ದು ಅದನ್ನು. "ಇದು ಬಾಲದ ಎಲುಬು ಅಜ್ಜೀ. ಮನುಷ್ಯರಿಗೆ ಒಂದು ಕಾಲದಲ್ಲಿ ಬಾಲ ಇತ್ತಲ್ಲ, ಅದರ ಉಳಿಕೆ. ಎಲ್ಲರಿಗೂ ಉಂಟು" ಎಂದರು. ಜೊತೆಗೆ ಬಂದ ಮೊಮ್ಮಗಳು ಕಿಸಕ್ಕನೆ ನಕ್ಕಳು. "ಅಜ್ಜಿಯ ಬಾಲ ಮುರಿದದ್ದು ಒಳ್ಳೆಯದೇ ಆಯ್ತು ಡಾಕ್ಟ್ರೇ, ಇನ್ನಾದರೂ ಸುಮ್ಮನೆ ಕೂತಾರು." ನನಗೆ ನಗು ಬರಲಿಲ್ಲ. ಬಾಲ ಹೊರಗೇ ಇದ್ದವಳನ್ನು ನಾನು ಕಂಡಿದ್ದೇನೆ.

ನಮ್ಮ ಆಚೆಮನೆ ಅಕ್ಕ... ಆಗ ಯುದ್ಧದ ಕಾಲ. ನಾವು ಕಡಲಕರೆಯ ಹೊಯ್ಗೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದ ಜನ. ಆ ಮರಳು ತೋಡಿದರೆ ಗುಂಡಿಯಲ್ಲಿ ಸಿಹಿನೀರು ಬರುತ್ತದೆ. ಎರಡು ಕೈಗೂ ಒಂದೊಂದು ಕೊಡಪಾನ ಹಿಡಿದು, ಗುಂಡಿಗೆ ಇಳಿದು ಹತ್ತಿ, ಗಿಡದ ಬುಡಕ್ಕೆ ನೀರೆರೆಯುವುದು ಹೆಂಗಸರ ಕೆಲಸ. ಅದರಲ್ಲಿ ಅಕ್ಕನನ್ನು ಮೀರಿಸುವವರಿರಲಿಲ್ಲ. ಕೂರುವುದು ಮಾತ್ರ ವಕ್ರ. ಗಂಜಿಯ ಹೊತ್ತಿಗೆ ಎಲ್ಲರೂ ನೆಲಕ್ಕೆ ಊರಿ ಕೂತರೆ ಅವಳು ಒಂದು ಪಕ್ಕೆಗೆ ಒರಗಿ ಕೂರುತ್ತಿದ್ದಳು. "ಎಂತ ಮಾರಾಯ್ತಿ, ಅಡಿಯಲ್ಲಿ ಮೊಟ್ಟೆ ಇಟ್ಟಿದ್ದೀಯಾ?" ಎಂದು ಹೆಂಗಸರು ಕೆಣಕುವರು. "ಹೌದು, ಮರಿ ಆದ ಮೇಲೆ ನಿಮಗೂ ಒಂದು ಕೊಡ್ತೇನೆ" ಎನ್ನುವಳು. ಬಾಯಿ ಜೋರು.

ಮೊಟ್ಟೆಯಲ್ಲ, ಬಾಲ. ಕಿರುಬೆರಳಿನಷ್ಟು, ಮೆತ್ತಗೆ, ತುದಿಯಲ್ಲಿ ನಾಲ್ಕು ಕೂದಲು. ಎರಡೂ ಮನೆಯವರು ಒಂದೇ ಬಾವಿಕಟ್ಟೆಯಲ್ಲಿ ಮೀಯುತ್ತಿದ್ದುದರಿಂದ ನನಗೆ ಗೊತ್ತಿತ್ತು. ನಾನು ಸಣ್ಣವಳೆಂದು ಅವಳೇ ತೋರಿಸಿದ್ದಳು, ಮುಟ್ಟಲೂ ಬಿಟ್ಟಿದ್ದಳು. ಅದರಿಂದ ಅವಳಿಗೆ ಏನೂ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಅವಳ ತಾಯಿಗೆ.

ಮೀಂಜದ ಕಡೆಯಿಂದ ಸಂಬಂಧ ಕೂಡಿ ಬಂತು. ಗಂಡಿನ ಮನೆಯವರದ್ದು ಒಂದು ಕ್ರಮ. ಮದುವೆಗೆ ಮುಂಚೆ ಅವರ ಕಡೆಯ ಹೆಂಗಸರೇ ಬಂದು ಮದುಮಗಳಿಗೆ ಎಣ್ಣೆ ಹಚ್ಚಿ ಮೀಯಿಸಬೇಕು. ಅದನ್ನು ಕೇಳಿದ್ದೇ ತಾಯಿ ಹೆರಿಗೆ ಮಾಡಿಸುವ ಮುದುಕಿಯನ್ನು ಗುಟ್ಟಾಗಿ ಕರೆಸಿದಳು. ಮುದುಕಿ ನರೂಲಿಗೆ ಮಾಡುವ ಮದ್ದನ್ನೇ ಇದಕ್ಕೂ ಹೇಳಿದಳು. ಕುದುರೆ ಬಾಲದ ಕೂದಲು ಕಟ್ಟಿ ದಿನಾ ಬಿಗಿಯುವುದು. "ಬಾಲಕ್ಕೆ ಬಾಲವೇ ಮದ್ದು. ಒಣಗಿ ಉದುರ್ತದೆ, ನೀನು ಹೆದರ್ಬೇಡ." ಅಕ್ಕನ ಸೋದರಮಾವ ಮಂಗಳೂರಿನಿಂದ ಜಟಕಾ ಕುದುರೆಯ ಕೂದಲು ತಂದ.

ಕಟ್ಟಿದರು. ಬೊಬ್ಬೆ ಹೊರಗೆ ಕೇಳದ ಹಾಗೆ ಮಗಳ ಬಾಯಿಗೆ ಬಟ್ಟೆ ತುರುಕಿ ತಾಯಿಯೇ ದಿನಾ ಬೆಳಗ್ಗೆ ಬಿಗಿದಳು. ಮನೆಯಲ್ಲೇ ಉಳಿದರೆ ಊರಿಗೆ ಸಂಶಯ ಬರುತ್ತದೆಂದು ನೀರೆರೆಯಲೂ ಅಟ್ಟಿದಳು. ಬಾಲ ನೀಲಿಯಾಯಿತು, ಕಪ್ಪಾಯಿತು, ನಾರತೊಡಗಿತು. ಎತ್ತಿನ ಹುಣ್ಣಿಗೆ ಹುಳ ಬಿದ್ದರೆ ನಾವು ಹೊಗೆಸೊಪ್ಪು ಅರೆದು ತುಂಬಿಸುವುದುಂಟು. ಮಗಳಿಗೂ ಅದನ್ನೇ ತುಂಬಿಸಿದಳು. ಅಕ್ಕ ತಲೆ ತಿರುಗಿ, ವಾಂತಿ ಮಾಡಿ, ಕೊಡಪಾನ ಸಮೇತ ಗುಂಡಿಗೆ ಮುಗ್ಗರಿಸಿದಳು. "ಮದುವೆ ಹತ್ತಿರ ಬಂದರೆ ಹೆಣ್ಣುಮಕ್ಕಳಿಗೆ ಹೀಗೇ" ಎಂದು ತಾಯಿ ಎಲ್ಲರೆದುರು ನಗಾಡಿದಳು. ಆ ಸಂಜೆ ಅಕ್ಕ ನನ್ನ ಹತ್ತಿರ, "ನನ್ನದೇ ಅಲ್ವನಾ ಅದು? ಇದ್ದರೆ ಇವರಿಗೆಂತ?" ಎಂದಳು.

ಬಾಲ ಉದುರಿತು. ತಾಯಿ ಅದನ್ನು ಬೂದಿಗುಂಡಿಗೆ ಎಸೆದಳು, ಕಾಗೆ ಎತ್ತಿಕೊಂಡು ಹೋಯಿತು. ಆ ದಿನ ನಮ್ಮ ಮನೆಗೂ ಬೆಲ್ಲ ಬಂತು. ಯಾಕೆಂದು ಹೇಳಲಿಲ್ಲ.

ಗಂಡಿನ ಕಡೆಯ ಹೆಂಗಸರು ಬಂದರು. ಹಂಡೆಯಲ್ಲಿ ನೀರು ಕಾಯುತ್ತಿತ್ತು. ಗಂಡಿನ ಸೋದರತ್ತೆ ಹೆಗಲಿಗೆ ಎಣ್ಣೆ ಹಚ್ಚಿ, ಬೆನ್ನು ತಿಕ್ಕುತ್ತಾ ಕೆಳಗೆ ಬಂದವಳು ಕೈ ನಿಲ್ಲಿಸಿದಳು. ಹುಣ್ಣು, ಕೀವು.

"ಇದೆಂತ ಇದು?"

"ಅದು... ಗುಳ್ಳೆ ಒಡೆದದ್ದು" ಎಂದಳು ತಾಯಿ.

ಸೋದರತ್ತೆ ಕೈ ಮೂಸಿ ನೋಡಿ, ಬೂದಿ ಹಾಕಿ ತೊಳೆದುಕೊಂಡಳು. "ಮಚ್ಚೆಯೋ ಗಂಟೋ ಹುಟ್ಟುವಾಗಲೇ ಬಂದದ್ದಾದರೆ ಯಾರು ಬೇಡ ಹೇಳ್ತಾರೆ? ಕೊಳೆಯುವ ರೋಗದವಳನ್ನು ಮನೆಗೆ ಕರಕೊಂಡು ಹೋಗುವುದು ಹೇಗೆ?" ತಲೆಗೆ ನೀರು ಬೀಳುವ ಮೊದಲೇ ಅವರೆಲ್ಲ ಹೊರಟರು. ಅಕ್ಕ ಎಣ್ಣೆ ಮೈಯಲ್ಲಿ ಮಣೆಯ ಮೇಲೆ ಕೂತೇ ಇದ್ದಳು. ಆಗಲೂ ಒಂದು ಪಕ್ಕೆಗೆ ಒರಗಿ.

ತಾಯಿ ಹೊಡೆದಳು. ಅದಾಗಿ ಸ್ವಲ್ಪ ದಿನಕ್ಕೆ ಅಕ್ಕನ ದವಡೆ ಕಟ್ಟಿತು. ಗಂಜಿ ಬಾಯಿಗೆ ಹೋಗುವುದಿಲ್ಲ. ಹಠ ಮಾಡುತ್ತಾಳೆಂದು ತಾಯಿ ಸೌಟಿನ ಹಿಡಿಯನ್ನು ಹಲ್ಲಿನ ನಡುವೆ ತುರುಕಿದಳು. ಮರುದಿನ ಮುಖ ಬಿಗಿದು, ತುಟಿ ಹಿಂದೆ ಸರಿದು, ಹಲ್ಲೆಲ್ಲ ಕಂಡಿತು. ಧನುರ್ವಾಯು. ಅಲ್ಲಿ ಯಾರಿಗೂ ಅದು ತಿಳಿಯಲಿಲ್ಲ. "ಮನೆಯ ಮಾನ ತೆಗೆದು ನಗ್ತಿಯಾ? ನಗ್ತಿಯಾ ಬೇವರ್ಸಿ?" ಎಂದು ತಾಯಿ ಕೆನ್ನೆಕೆನ್ನೆಗೆ ಬಾರಿಸಿದಳು. ಹೊಡೆದಷ್ಟೂ ಮೈ ಬಿಲ್ಲಿನ ಹಾಗೆ ಬಾಗಿತು, ಹಲ್ಲು ಇನ್ನೂ ಕಂಡಿತು. ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಹಾಗೆಯೇ ಸತ್ತಳು.

ತಾಯಿ ಮತ್ತೆ ಬಹಳ ಕಾಲ ಬದುಕಿದಳು. ಕೇಳಿದವರಿಗೆಲ್ಲ ಒಂದೇ ಮಾತು: "ನಗ್ತಾ ನಗ್ತಾ ಹೋದಳು, ಪಾಪಿ."

ಹೊರಗೆ ಬಾಲ ಇರುವುದುಂಟಾ ಎಂದು ಡಾಕ್ಟರನ್ನು ಕೇಳಿದೆ. "ಅಪರೂಪಕ್ಕೆ ಉಂಟಜ್ಜೀ. ಹೊಟ್ಟೆಯಲ್ಲಿರುವಾಗ ಎಲ್ಲ ಮಕ್ಕಳಿಗೂ ಇರ್ತದೆ, ಮತ್ತೆ ಕರಗ್ತದೆ. ಕರಗದಿದ್ದರೆ ನಾವು ತೆಗೆದುಬಿಡ್ತೇವೆ. ಸಣ್ಣ ಕೆಲಸ."

"ತೆಗೆಯದಿದ್ದರೆ?"

"ಹೆಚ್ಚಿನವರಿಗೆ ಎಂತದೂ ಆಗುವುದಿಲ್ಲ."

ಕೂರಲಿಕ್ಕೆ ಗಾಳಿ ತುಂಬಿದ ರಬ್ಬರಿನ ಬಳೆಯೊಂದನ್ನು ಕೊಟ್ಟಿದ್ದಾರೆ. ಅದರ ಮೇಲೂ ನೋವು. ಒಂದು ಪಕ್ಕೆಗೆ ಒರಗಿದರೆ ಮಾತ್ರ ಸ್ವಲ್ಪ ತಡೆಯುತ್ತದೆ. "ನೆಟ್ಟಗೆ ಕೂತ್ಕೊಳ್ಳಿ ಅಜ್ಜೀ" ಎಂದು ಮೊಮ್ಮಗಳು ಬಯ್ಯುತ್ತಾಳೆ. ಆ ಬಾಲವನ್ನು ಕಂಡವರಲ್ಲಿ ಈಗ ಉಳಿದಿರುವುದು ನಾನೊಬ್ಬಳೇ. ಮುಟ್ಟಿದಾಗ ಬೆಚ್ಚಗಿತ್ತು.