ಹೆಲ್ಮೆಟ್ ಹಾಕಿಕೊಂಡು ಗುಬ್ಬಿಯಿಂದ ಕುಣಿಗಲ್‌ವರೆಗೆ

ನೀವು ಇದನ್ನು ನಂಬುವುದಿಲ್ಲ. ನಮ್ಮ ಕ್ಲಾಸಿನಲ್ಲೂ ಯಾರೂ ನಂಬಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೋದ ಬೇಸಿಗೆಯಲ್ಲಿ ನಾವು ಇಪ್ಪತ್ತೆರಡು ಹುಡುಗರು ಹೆಲ್ಮೆಟ್ ಹಾಕಿಕೊಂಡೇ ಉಂಡೆವು, ಕಬಡ್ಡಿ ಆಡಿದೆವು, ಪ್ರಾರ್ಥನೆ ಹೇಳಿದೆವು. ಬೈಕ್ ಮಾತ್ರ ಒಬ್ಬನ ಹತ್ತಿರವೂ ಇರಲಿಲ್ಲ.

ಸೋಮವಾರ ಬೆಳಗ್ಗೆ ತುಮಕೂರಿನಿಂದ ಗುಬ್ಬಿಗೆ ಪ್ಯಾಸೆಂಜರ್ ರೈಲು ಹತ್ತಿದೆ. ಟಿಕೆಟ್ ಹತ್ತು ರೂಪಾಯಿ, ದೂರ ಇಪ್ಪತ್ತು ಕಿಲೋಮೀಟರ್, ಬಿಸಿಲಿಗೆ ಕಿಟಕಿಯ ಕಂಬಿಯ ಮೇಲೆ ದೋಸೆ ಹುಯ್ಯಬಹುದಿತ್ತು. ಕ್ಯಾಂಪ್ ಇದ್ದದ್ದು ಶಿವಣ್ಣ ಮೇಷ್ಟ್ರ ಅಣ್ಣನ ತೆಂಗಿನ ತೋಟದಲ್ಲಿ. ಮೇಷ್ಟ್ರು ರಿಟೈರಾದ ಡ್ರಿಲ್ ಮಾಸ್ಟರ್. ಪ್ರತಿ ಬೇಸಿಗೆಯಲ್ಲೂ ಒಂದು ವಾರ ಹುಡುಗರನ್ನು ಗುಡ್ಡೆ ಹಾಕುತ್ತಾರೆ. ಒಂಬತ್ತನೇ ಕ್ಲಾಸ್ ಮುಗಿಸಿದವರೇ ಕಡೆ, ಆಮೇಲೆ ಸೇರಿಸಿಕೊಳ್ಳುವುದಿಲ್ಲ. ನನಗೆ ಅದು ಮೂರನೇ ಕ್ಯಾಂಪ್, ಕೊನೆಯದೂ ಕೂಡ.

ಆ ಸಲ ತರಬೇಕಾದ ಸಾಮಾನಿನ ಪಟ್ಟಿಯಲ್ಲಿ ತಟ್ಟೆ, ಲೋಟ, ಟಾರ್ಚ್ ಆದಮೇಲೆ ‘ಹೆಲ್ಮೆಟ್’ ಎಂದಿತ್ತು. ಹಿಂದಿನ ವರ್ಷ ಮರದಿಂದ ಒಣ ಗರಿಯೊಂದು ಸೀದಾ ಸಾರಿನ ಪಾತ್ರೆಗೆ ಬಿದ್ದು ಹತ್ತು ಹುಡುಗರಿಗೆ ಸಾರಿನ ಸ್ನಾನವಾಗಿತ್ತು. ಹತ್ತಲ್ಲ, ಒಬ್ಬನಿಗೆ. ಅವನಿಗೂ ಮೊಣಕಾಲವರೆಗೆ ಮಾತ್ರ. ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಹೆಲ್ಮೆಟ್, ಅಪ್ಪನ ಕಪ್ಪು ಹೆಲ್ಮೆಟ್. ಅದನ್ನು ಕೊಡುವಾಗ ಅಪ್ಪ, “ನೋಡು ಚೇತು, ಶನಿವಾರ ಸಾಯಂಕಾಲ ಹೆಲ್ಮೆಟ್ಟೂ ಮನೇಲಿರ್ಬೇಕು, ಅದರೊಳಗಿರೋ ತಲೇನೂ ಇರ್ಬೇಕು. ಭಾನುವಾರದಿಂದ ಟ್ಯೂಷನ್,” ಎಂದರು.

ತೋಟದಲ್ಲಿ ಐದೂವರೆಗೆ ಸೀಟಿ, ಡ್ರಿಲ್, ಬೋರ್‌ವೆಲ್ ತೊಟ್ಟಿಯಲ್ಲಿ ಸ್ನಾನ. ಮಧ್ಯಾಹ್ನ ನನ್ನ ತಲೆಯಷ್ಟು ದಪ್ಪದ ಮುದ್ದೆ, ಹುರುಳಿಕಾಳಿನ ಸಾರು. ಹೆಲ್ಮೆಟ್ಟಿನೊಳಗೆ ಯಾರು ಯಾರೆಂದು ಮೇಷ್ಟ್ರಿಗೆ ತಿಳಿಯದೆ, ಎಲ್ಲರ ಹಿಂದಲೆಗೂ ಸೀಮೆಸುಣ್ಣದಲ್ಲಿ ಹೆಸರು ಬರೆಸಿದರು. ಕಬಡ್ಡಿಯಲ್ಲಿ ತಲೆಗೆ ತಲೆ ತಾಗಿದರೆ ತಟ್ಟೆ ಬಿದ್ದ ಸದ್ದು. ಆ ಸದ್ದು ಈಗಲೂ ಕಿವಿಯಲ್ಲಿದೆ.

ಮಂಗಳವಾರ ಊಟದ ಹೊತ್ತಿಗೆ ನಾನೊಂದು ಯಡವಟ್ಟು ಮಾಡಿಕೊಂಡೆ. ಶನಿವಾರ ದೇವರಾಯನದುರ್ಗಕ್ಕೆ ಹೋಗಿ ಅಲ್ಲಿಂದಲೇ ಎಲ್ಲರೂ ಮನೆಗೆ ಎಂದು ಮೇಷ್ಟ್ರು ಹೇಳಿದಾಗ, “ಅದು ಅಜ್ಜಿಯಂದಿರು ಹತ್ತೋ ಬೆಟ್ಟ ಕಣ್ರೋ. ನಾನು ಹುಲಿಯೂರುದುರ್ಗನೇ ಎರಡು ಸಲ ಹತ್ತಿದೀನಿ,” ಎಂದುಬಿಟ್ಟೆ. ನಿಜ ಏನೆಂದರೆ, ಹಿಂದಿನ ಎರಡು ಕ್ಯಾಂಪಿನಲ್ಲೂ ಹುಲಿಯೂರುದುರ್ಗದ ಪ್ಲಾನ್ ಇತ್ತು. ಒಮ್ಮೆ ಮಳೆ, ಒಮ್ಮೆ ಟೆಂಪೋ ಕೆಟ್ಟು ರದ್ದಾಗಿತ್ತು. ಎರಡು ಸಲ ಹೊರಟಿದ್ದೆ, ಅಷ್ಟೇ.

ಗುರುವಾರ ಬೆಳಗ್ಗೆ ಕಾಯಿ ಕೀಳುವ ರಂಗಪ್ಪ ಉದ್ದನೆಯ ಬಿದಿರಿನ ದೋಟಿ ಹೊತ್ತುಕೊಂಡು, ಹೇಳದೆ ಕೇಳದೆ ತೋಟಕ್ಕೆ ಬಂದ.

“ಭಾನುವಾರ ಬಾರಪ್ಪ, ಕ್ಯಾಂಪ್ ನಡೀತೈತೆ,” ಎಂದರು ಮೇಷ್ಟ್ರು.

“ಇವತ್ತು ಬುಟ್ರೆ ಇನ್ನ ಎಲ್ಡು ತಿಂಗ್ಳು ನಾನು ಈ ಕಡೀಕೆ ಬರಕಿಲ್ಲ ಸೋಮಿ.”

“ಹುಡುಗ್ರಿಗೆ ಹೆಲ್ಮೆಟ್ ಐತಲ್ಲ!”

ರಂಗಪ್ಪ ನಮ್ಮನ್ನು ಒಂದು ಸುತ್ತು ನೋಡಿದ. “ಹೆಲ್ಮೆಟ್ ಉಳ್ಕತದೆ. ಹುಡ್ಗುರು?”

ತೆಂಗಿನ ಸೀಮೆಯಲ್ಲಿ ಕಾಯಿ ಕೀಳುವವನ ಮುಂದೆ ತೋಟದ ಯಜಮಾನನೂ ಕೈಕಟ್ಟಿ ನಿಲ್ಲಬೇಕು. ಒಂದು ಗಂಟೆಯಲ್ಲಿ ಕ್ಯಾಂಪೇ ಎದ್ದಿತು. ಕುಣಿಗಲ್‌ನಲ್ಲಿ ಮೇಷ್ಟ್ರ ಹಳೆಯ ಶಿಷ್ಯನ ಕಲ್ಯಾಣ ಮಂಟಪ ಖಾಲಿ ಇತ್ತು. “ಪ್ಲಾನ್ ಚೇಂಜ್!” ಎಂದು ಮೇಷ್ಟ್ರು ಕೂಗಿದರು. “ಅಲ್ಲಿಂದ ಹುಲಿಯೂರುದುರ್ಗ ಹತ್ರ. ಒಂದು ದಿನ ಜಾಸ್ತಿ ಇದ್ದು ಭಾನುವಾರ ಹತ್ತಣ. ನಮ್ ಚೇತು ಎರಡು ಸಲ ಹತ್ತವ್ನೆ, ಅವ್ನೇ ಗೈಡು.” ತಮ್ಮ ಸೀಟಿಯನ್ನು ತೆಗೆದು ನನ್ನ ಕೊರಳಿಗೆ ಹಾಕಿದರು. ತೆಗೆದು ವಾಪಸ್ ಕೊಡೋಣವೆಂದು ಅದರ ದಾರಕ್ಕೆ ಕೈ ಹಾಕಿದೆ. ಆದರೂ ಆ ಬೆಟ್ಟ, ಆ ಹುಡುಗರ ಜೊತೆ, ಈಗಲ್ಲದಿದ್ದರೆ ಇನ್ನು ಯಾವತ್ತೂ ಇಲ್ಲ.

ಅಕ್ಕಿ ತರಕಾರಿ ಕೊಳ್ಳಲು ಟೆಂಪೋ ತುಮಕೂರಿನ ಶಿರಾ ಗೇಟ್‌ನಲ್ಲಿ ನಿಂತಿತು. ಉಳಿದವರ ಮನೆಗಳಿಗೆ ಮೇಷ್ಟ್ರು ಫೋನ್ ಮಾಡಿದ್ದರು. ನನಗೆ ಮಾತ್ರ, “ನಿಮ್ಮನೆ ಇಲ್ಲೇ ಅಲ್ವೇನೋ? ಓಡಿ ಹೋಗಿ ನಿಮ್ಮಪ್ಪನ್ನ ಕೇಳ್ಕೊಂಡು ಬಾ,” ಎಂದರು. ಓಡಿದೆ, ಮೂಲೆಯ ಬೇಕರಿಯವರೆಗೆ. ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡು, ಅದರ ಸಂದಿಯಲ್ಲೇ ಒಂದು ಎಗ್ ಪಪ್ಸ್ ತೂರಿಸಿ ತಿಂದು, ವಾಪಸ್ ಓಡಿ ಬಂದೆ.

“ಹೂಂ ಅಂದ್ರು ಸರ್. ತುಂಬಾ ಖುಷಿಯಾಗಿ ಅಂದ್ರು.”

ಹೆಬ್ಬೂರಿನ ಮೇಲೆ ಕುಣಿಗಲ್ ಸೇರಿದೆವು. ಮದುವೆಯ ಸ್ಟೇಜಿನ ಮೇಲೆ ಸಾಲಾಗಿ ಹಾಸಿಗೆ. ಗಂಡು ಹೆಣ್ಣು ಕೂರುವ ಕೆಂಪು ಸಿಂಹಾಸನಕ್ಕೆ ದಿನಾ ಜಗಳ. ಶನಿವಾರ ಸಂಜೆ ಕೆರೆ ಏರಿಯ ಮೇಲೆ ಕೂತು, ಕಡ್ಡಿಯಿಂದ ಮಣ್ಣಿನಲ್ಲಿ ಬೆಟ್ಟದ ದಾರಿ ಬರೆದು ತೋರಿಸಿದೆ. ಗುಹೆ ಹಾಕಿದೆ, ಕರಡಿ ಹಾಕಿದೆ, ತುದಿಯಲ್ಲಿ ಮೋಡ ಮುಟ್ಟುವ ಜಾಗ ಹಾಕಿದೆ. ಎಲ್ಲರೂ ಎದ್ದು ಹೋದಮೇಲೂ ಮಂಜ ಕೂತೇ ಇದ್ದ. ತೋಟದ ಯಜಮಾನರ ಮಗ, ಮೂರು ವರ್ಷದಿಂದ ನನ್ನ ಪಕ್ಕದ ಹಾಸಿಗೆ ಅವನದೇ.

“ನಿಜ ಯೋಳ್ಲಾ, ಹತ್ತಿದ್ದೀಯಾ?”

“ಎರಡು ಸಲ.”

“ಸರಿ ಬುಡು. ನಾಳೀಕೆ ನಿನ್ನ ಹಿಂದ್ಗುಟ್ಲೇ ಇರ್ತೀನಿ.” ಆಮೇಲೆ ನನ್ನ ಹೆಲ್ಮೆಟ್ ತೆಗೆದುಕೊಂಡು, ಅಳಿಸಿಹೋಗಿದ್ದ ಹೆಸರಿನ ಜಾಗದಲ್ಲಿ ಬಿಳಿ ಪೇಂಟ್ ಪೆನ್ನಿನಿಂದ ‘ಗೈಡ್ ಚೇತು’ ಎಂದು ದಪ್ಪಗೆ ಬರೆದ.

ಭಾನುವಾರ ಏಳಕ್ಕೆ ಟೆಂಪೋ ಮುಂದೆ ಸಾಲು ನಿಂತೆವು. ನಾನು ಸೀಟಿ ಊದಿದೆ. ಅಷ್ಟರಲ್ಲಿ ಮಂಟಪದ ಗೇಟಿನೊಳಗೆ ಒಂದು ಸ್ಕೂಟರ್ ಬಂತು. ಓಡಿಸುತ್ತಿದ್ದವರ ತಲೆಯ ಮೇಲೆ ಹೂವಿನ ಚಿತ್ರದ ಗುಲಾಬಿ ಹೆಲ್ಮೆಟ್, ಕೆಳಗೆ ಮೀಸೆ.

“ಯಾರ್ಲಾ ಅದು, ಪಿಂಕ್ ಆಂಟಿ!” ಎಂದು ಯಾರೋ ಕೂಗಿದ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ಹೆಲ್ಮೆಟ್ ಕಳಚಿತು. ಅಪ್ಪ! ಪಕ್ಕದ ಮನೆ ಆಂಟಿಯದನ್ನು ಕೇಳಿ ಹಾಕಿಕೊಂಡು ಬಂದಿದ್ದರು.

“ನೀವೇ ಒಪ್ಪಿದ್ರಂತಲ್ಲ ಸಾರ್?” ಎಂದರು ಮೇಷ್ಟ್ರು.

“ನಾನಾ? ನಿನ್ನೆ ಸಾಯಂಕಾಲದಿಂದ ಬಾಗಿಲು ಕಾಯ್ತಾ ಕೂತಿದೀನಿ. ಗುಬ್ಬಿಗೆ ಫೋನ್ ಮಾಡಿದ್ಮೇಲೆ ಗೊತ್ತಾಯ್ತು, ಕ್ಯಾಂಪೇ ಇಲ್ಲಿಗೆ ಬಂದಿದೆ ಅಂತ.”

“ಅಪ್ಪಾ, ಇವತ್ತೊಂದಿನ...”

“ಹತ್ತಕ್ಕೆ ಟ್ಯೂಷನ್. ಬ್ಯಾಗ್ ತಗೋ.”

“ಇವ್ನೇ ನಮ್ ಗೈಡು ಸಾರ್,” ಎಂದು ಮೇಷ್ಟ್ರು ನನ್ನ ಪರ ವಾದಿಸಿದರು. “ಎರಡು ಸಲ ದುರ್ಗ ಹತ್ತವ್ನೆ.”

“ಇವ್ನಾ? ನಮ್ಮನೆ ತಾರಸಿ ಹತ್ತೋಕೇ ಅವ್ರಮ್ಮನ್ನ ಜೊತೆಗೆ ಕರೀತಾನೆ!”

ಇಪ್ಪತ್ತೊಂದು ಹೆಲ್ಮೆಟ್‌ಗಳು ಒಟ್ಟಿಗೆ ನನ್ನ ಕಡೆ ತಿರುಗಿದವು. ಮಂಜ ಒಬ್ಬನೇ ಮುಂದೆ ಬಂದು ನನ್ನ ಕೊರಳಿನ ಸೀಟಿ ಬಿಡಿಸಿಕೊಂಡ. “ದಾರಿ ಬರ್ದು ತೋರ್ಸಿದ್ಯಲ್ಲ. ಹಂಗೇ ಹೋಯ್ತೀವಿ ಬುಡು,” ಎಂದ.

ಅಪ್ಪ ತಮ್ಮ ಕಪ್ಪು ಹೆಲ್ಮೆಟ್ ಹಾಕಿಕೊಂಡರು. ಗುಲಾಬಿಯದು ನನ್ನ ತಲೆಗೆ ಬಂತು. ಸರ್ಕಲ್ಲಿನಲ್ಲಿ ಟೆಂಪೋ ಹುಲಿಯೂರುದುರ್ಗದ ರಸ್ತೆಗೆ ತಿರುಗಿತು, ನಾವು ತುಮಕೂರಿನ ಕಡೆಗೆ. ಹಿಂದಿನಿಂದ ಒಂದು ಸೀಟಿ ಕೇಳಿಸಿತು. ತಿರುಗಿ ನೋಡುವಷ್ಟರಲ್ಲಿ ಟೆಂಪೋ ಇರಲಿಲ್ಲ. ಮುಂದೆ ನೋಡಿದರೆ ಅಪ್ಪನ ಹಿಂದಲೆ, ಅದರ ಮೇಲೆ ‘ಗೈಡ್ ಚೇತು’. ಮನೆಯವರೆಗೂ ಅದನ್ನೇ ಓದಿಕೊಂಡು ಬಂದೆ.

ಅಪ್ಪ ಇನ್ನೂ ಅದನ್ನು ನೋಡಿಲ್ಲ. ಹೆಲ್ಮೆಟ್ ಒರೆಸುವ ಕೆಲಸವನ್ನು ನಾನೇ ಕೇಳಿ ಪಡೆದಿದ್ದೇನೆ. ಗಾಜು ಒರೆಸುತ್ತೇನೆ, ಮುಂದೆ ಒರೆಸುತ್ತೇನೆ. ಹಿಂದಕ್ಕೆ ಮಾತ್ರ ಬಟ್ಟೆ ಮುಟ್ಟಿಸುವುದಿಲ್ಲ.